ಒಪ್ಪಿಗೆ ಪತ್ರವೂ ಅಭಯದಾನವೂ

2021ನೆಯ ಇಸವಿಯ ಆಗಸ್ಟ್ 23ರಂದು ಕರ್ನಾಟಕದ ಪ್ರೌಢಶಾಲೆಗಳ ಬಾಗಿಲು ಮತ್ತೆ ತೆರೆದಾಗ, ವಿದ್ಯಾರ್ಥಿಯ ಕೈಯಲ್ಲಿ ಪಠ್ಯಪುಸ್ತಕಕ್ಕಿಂತಲೂ ಮೊದಲು ಇರಬೇಕಾಗಿದ್ದುದು ಒಂದು ಹಾಳೆ. ಅದು ತಂದೆಯೋ ತಾಯಿಯೋ ರುಜು ಹಾಕಿಕೊಟ್ಟ ಒಪ್ಪಿಗೆ ಪತ್ರ. ಹಾಜರಾತಿ ಕಡ್ಡಾಯವಲ್ಲ, ಬರುವವರು ಪೋಷಕರ ಲಿಖಿತ ಒಪ್ಪಿಗೆಯೊಡನೆ ಬರತಕ್ಕದ್ದು, ಮುಖಗವಸು ಧರಿಸತಕ್ಕದ್ದು, ಕುಡಿಯುವ ನೀರನ್ನು ಮನೆಯಿಂದಲೇ ತರತಕ್ಕದ್ದು, ಅಂತರ ಕಾಯ್ದುಕೊಳ್ಳತಕ್ಕದ್ದು. ಸುತ್ತೋಲೆಯಲ್ಲಿ 'ತಕ್ಕದ್ದು'ಗಳಿಗೆ ಬರವಿರಲಿಲ್ಲ. ಬೆಳಗಾವಿ ಸೀಮೆಯ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವ ತಾಯಿಗೆ ಆ ಹಾಳೆಯ ಅಕ್ಷರಗಳು ಪೂರ್ತಿ ತಿಳಿಯದಿದ್ದರೂ ಅದರ ಅಭಿಪ್ರಾಯ ಚೆನ್ನಾಗಿಯೇ ತಿಳಿಯಿತು: ಏನಾದರೂ ಆದರೆ ಹೊಣೆ ನಿನ್ನದು.

ಆ ದಿನಗಳಲ್ಲಿ ಪೋಷಕರಿಗೆ ಬಂದ ಸಿಟ್ಟು ಹಲವು ಬಗೆಯದು. ಶಾಲೆ ಏಕೆ ತೆರೆಯುವುದಿಲ್ಲವೆಂದು ಕೆಲವರಿಗೆ, ಇಷ್ಟು ಬೇಗ ಏಕೆ ತೆರೆದರೆಂದು ಇನ್ನು ಕೆಲವರಿಗೆ, ತೆರೆದೂ ತೆರೆಯದಂತೆ ಅರ್ಧ ದಿನ, ಅರ್ಧ ಮಕ್ಕಳು, ಊಟವಿಲ್ಲದ ಶಾಲೆ ಏತಕ್ಕೆಂದು ಮತ್ತೆ ಕೆಲವರಿಗೆ. ಜೈನ ಮನೆಗಳಲ್ಲಿಯೂ ಈ ಮೂರು ಬಗೆಯ ಮಾತುಗಳು ಕೇಳಿಬಂದವು. ಆದರೆ ಸಮಾಜದ ಸಭೆಗಳಲ್ಲಿ, ಟ್ರಸ್ಟುಗಳ ನಿರ್ಣಯಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ ಅವು ಎಷ್ಟರ ಮಟ್ಟಿಗೆ ಧ್ವನಿ ಪಡೆದವು ಎಂಬುದನ್ನು ಹಿರಿಯರು ನೆನಪಿಸಿಕೊಂಡರೆ ಸಂತೋಷಪಡುವಂಥದೇನೂ ದೊರೆಯಲಾರದು. ವರ್ಷಗಳು ಕಳೆದ ಮೇಲೆ ಈ ಮಾತನ್ನು ಕೆದಕುವುದು ಏಕೆಂದು ಕೇಳುವವರಿಗೆ ಉತ್ತರ ಸರಳವಾಗಿದೆ. 2020ರ ಜೂನಿನಲ್ಲಿ ಒಂದನೆಯ ತರಗತಿಗೆ ಕಾಲಿಡಬೇಕಾಗಿದ್ದ ಮಗು ಇಂದಿಗೂ ಶಾಲೆಯಲ್ಲಿಯೇ ಇದೆ, ಅಥವಾ ಇರಬೇಕಾಗಿತ್ತು. ಆ ಮಗುವಿನ ಮಟ್ಟಿಗೆ ಇದು ಹಳೆಯ ಸಂಗತಿಯಲ್ಲ.

ಮೊದಲು ದಿನಾಂಕಗಳನ್ನು ನೋಡಬೇಕು. ಅವು ಮಾಡುವಷ್ಟು ಟೀಕೆಯನ್ನು ಮಾತುಗಳು ಮಾಡಲಾರವು. 2020ರ ಮಾರ್ಚ್ ಮಧ್ಯಭಾಗದಲ್ಲಿ ಶಾಲೆಗಳು ಮುಚ್ಚಿದವು. ಮೇ 4ರಂದು ಮದ್ಯದಂಗಡಿಗಳು ತೆರೆದವು. ಜೂನ್ 8ರಂದು ದೇವಾಲಯಗಳು ತೆರೆದವು, ಬಸದಿಗಳೂ ಅವುಗಳೊಡನೆ. ಅಕ್ಟೋಬರ್ 15ರಿಂದ ಚಿತ್ರಮಂದಿರಗಳಿಗೆ ಅರ್ಧದಷ್ಟು ಆಸನಗಳೊಡನೆ ಅನುಮತಿ ದೊರೆಯಿತು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯತಿ ಚುನಾವಣೆಗಳು ನಡೆದವು. ಮಕ್ಕಳಿಗೆ ಮುಚ್ಚಿದ್ದ ಶಾಲೆಯ ಕೊಠಡಿಯ ಬೀಗ ಮತಪೆಟ್ಟಿಗೆಗಾಗಿ ತೆಗೆಯಿತು. 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ, ಫೆಬ್ರವರಿಯ ಹೊತ್ತಿಗೆ ಬಹುತೇಕ ಕಡೆ ಆರನೆಯ ತರಗತಿಯವರೆಗೆ ತರಗತಿಗಳು ನಡೆದವು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಎಲ್ಲವೂ ಮುಚ್ಚಿತು. ಅದು ಇಳಿದ ಮೇಲೆ ಜುಲೈ 5ರಂದು ದೇವಾಲಯಗಳು, ಜುಲೈ 19ರಂದು ಚಿತ್ರಮಂದಿರಗಳು, ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು. ಅಕ್ಟೋಬರ್ 1ರಂದು ಚಿತ್ರಮಂದಿರಗಳ ಎಲ್ಲ ಆಸನಗಳೂ ತುಂಬಬಹುದೆಂದಾಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು ಅಕ್ಟೋಬರ್ 25ರಂದು. ಎಂದರೆ ಹತ್ತೊಂಬತ್ತು ತಿಂಗಳುಗಳ ಬಳಿಕ, ತುಂಬಿದ ಚಿತ್ರಮಂದಿರಕ್ಕಿಂತ ಇಪ್ಪತ್ತನಾಲ್ಕು ದಿನ ತಡವಾಗಿ.

ಈ ಕ್ರಮಕ್ಕೆ ವಿಜ್ಞಾನದ ಆಧಾರವಿತ್ತೆಂದು ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 2021ರ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತನ್ನ ನಾಲ್ಕನೆಯ ರಾಷ್ಟ್ರೀಯ ರಕ್ತಪರೀಕ್ಷಾ ಸಮೀಕ್ಷೆಯನ್ನು ಪ್ರಕಟಿಸಿದಾಗ, ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡಾ 57ರಷ್ಟು ಮಂದಿಯ ರಕ್ತದಲ್ಲಿ ಆಗಲೇ ಪ್ರತಿಕಾಯಗಳಿದ್ದುದು ಕಂಡುಬಂದಿತ್ತು. ಮಂಡಳಿಯ ಅಂದಿನ ಮಹಾನಿರ್ದೇಶಕರಾದ ಡಾ. ಬಲರಾಮ ಭಾರ್ಗವ ಅವರು, ಶಾಲೆಗಳನ್ನು ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಸೂಕ್ತ, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂದು ಹೇಳಿದರು. ಶಿಕ್ಷಕರೇ ಮೊದಲಾದ ಸಿಬ್ಬಂದಿ ಲಸಿಕೆ ಪಡೆದಿರಬೇಕೆಂಬುದು ಅದರ ಜೊತೆಗಿನ ಷರತ್ತು. ಕರ್ನಾಟಕವು ನಡೆದದ್ದು ಇದಕ್ಕೆ ನೇರವಾಗಿ ವಿರುದ್ಧ ದಿಕ್ಕಿನಲ್ಲಿ: ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ. ದೊಡ್ಡ ಮಕ್ಕಳಿಗೆ ಪರೀಕ್ಷೆ ಇತ್ತು. ಚಿಕ್ಕ ಮಕ್ಕಳಿಗೆ ಇದ್ದುದು ಬರಿಯ ಕಲಿಕೆ.

ಇಷ್ಟು ಹೇಳಿದ ಮಾತ್ರಕ್ಕೆ ನಿಯಮಗಳೆಲ್ಲವೂ ವ್ಯರ್ಥವೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ಆ ತಪ್ಪನ್ನು ಮಾಡಿದ ಪೋಷಕರೂ ಇದ್ದರು. ಮುಖಗವಸು ಮಗುವಿನ ಉಸಿರು ಕಟ್ಟಿಸುತ್ತದೆಂದು, ಕೈ ತೊಳೆಯುವುದೆಲ್ಲ ಆಡಂಬರವೆಂದು, ರೋಗವೇ ಕಟ್ಟುಕಥೆಯೆಂದು ವಾದಿಸಿದವರಲ್ಲಿ ಓದುಬರಹ ಬಲ್ಲ ಶ್ರಾವಕರಿಗೂ ಕೊರತೆಯಿರಲಿಲ್ಲ. ನೀರನ್ನು ಗಾಳಿಸದೆ ಕುಡಿಯಬಾರದೆಂದು ಮಗುವಿಗೆ ಹೇಳಿಕೊಡುವ ಮನೆಯಲ್ಲಿ, ಕಾಯಿಸಿದ ನೀರನ್ನು ಶಾಲೆಗೆ ಕೊಂಡೊಯ್ಯುವ ನಿಯಮವು ಹೊರೆಯೆನಿಸಿದ್ದು ಹೇಗೆ? ಸ್ಥಾನಕವಾಸಿ ಸಾಧುಗಳು ಗಾಳಿಯಲ್ಲಿನ ಸೂಕ್ಷ್ಮ ಜೀವಿಗಳಿಗಾಗಿ ಜೀವನಪರ್ಯಂತ ಮುಖಪಟ್ಟಿಯನ್ನು ಧರಿಸುವುದನ್ನು ಕಂಡು ಕೈಮುಗಿಯುವವರಿಗೆ, ಮುದಿ ಅಜ್ಜನಿಗಾಗಿ ಮೊಮ್ಮಗ ಅರ್ಧ ದಿನ ಬಟ್ಟೆಯೊಂದನ್ನು ಕಟ್ಟಿಕೊಳ್ಳುವುದು ಅಸಹ್ಯವೆನಿಸಿದ್ದಾದರೂ ಹೇಗೆ? ಐದು ವರ್ಷದವರೆಗಿನ ಮಕ್ಕಳಿಗೆ ಮುಖಗವಸು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಆಗಸ್ಟ್‌ನಲ್ಲಿಯೇ ಹೇಳಿತ್ತು. ಕೇಂದ್ರದ ಆರೋಗ್ಯ ಸೇವಾ ಮಹಾನಿರ್ದೇಶನಾಲಯವೂ ಮರುವರ್ಷ ಹಾಗೆಯೇ ಹೇಳಿತು. ವಿವೇಕದ ನಿಯಮಕ್ಕೂ ವಿವೇಕವಿಲ್ಲದ ನಿಯಮಕ್ಕೂ ಭೇದವಿತ್ತು. ಅದನ್ನು ಬಿಡಿಸಿ ನೋಡುವ ಸಹನೆ ಹಲವರಿಗೆ ಇರಲಿಲ್ಲ.

ಈ ಭೇದವನ್ನು ತಿಳಿಯುವುದಕ್ಕೆ ಜೈನರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಬೆನ್ನಿಗೆ ಪ್ರಮಾದವನ್ನು ಇರಿಸುತ್ತದೆ. ಅಜಾಗರೂಕತೆಯಿಂದ ಆದುದು ಹಿಂಸೆ. ಅದಕ್ಕೆ ಪ್ರತಿಯಾಗಿ ಮುನಿಗಳಿಗೆ ವಿಧಿಸಿರುವುದು ಸಮಿತಿಗಳನ್ನು. ಈರ್ಯಾಸಮಿತಿಯೆಂದರೆ ಹಗಲಿನ ಬೆಳಕಿನಲ್ಲಿ, ಜನ ನಡೆದಾಡಿದ ಹಾದಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು ನಡೆಯುವುದು. ನಡೆಯುವುದನ್ನೇ ಬಿಟ್ಟುಬಿಡುವುದನ್ನು ಯಾವ ಆಚಾರ್ಯರೂ ಈರ್ಯಾಸಮಿತಿಯೆಂದು ಕರೆದಿಲ್ಲ. ಆಹಾರದಲ್ಲಿ ಏಷಣಾಸಮಿತಿಯುಂಟು, ಆದುದರಿಂದ ಮುನಿಗಳು ಆಹಾರವನ್ನೇ ಸ್ವೀಕರಿಸುವುದಿಲ್ಲವೆಂದು ಅರ್ಥವೆ? ಶಾಲೆಯ ವಿಷಯದಲ್ಲಿ ಬೇಕಾಗಿದ್ದುದು ಇಂಥ ಸಮಿತಿ: ಕಿಟಕಿ ತೆರೆದು ಪಾಠ ಮಾಡುವುದು, ಮರದ ಕೆಳಗೆ ಕುಳ್ಳಿರಿಸುವುದು, ಜ್ವರವಿದ್ದ ಮಗುವನ್ನು ಮನೆಯಲ್ಲಿ ಉಳಿಸುವುದು, ಶಿಕ್ಷಕರಿಗೆ ಮೊದಲು ಲಸಿಕೆ ಹಾಕಿಸುವುದು. ದೊರೆತದ್ದು ಬೀಗ, ಬೀಗ ತೆಗೆದ ಮೇಲೆ ಸುತ್ತೋಲೆ.

ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಲ್ಲಿಸುತ್ತಾರೆ, ಮಳೆಗಾಲದಲ್ಲಿ ನೆಲವೆಲ್ಲ ಜೀವಿಗಳಿಂದ ತುಂಬಿರುವಾಗ ನಿಲ್ಲಿಸುವುದೇ ಧರ್ಮ. 2020ರ ಮಾರ್ಚ್‌ನಲ್ಲಿ ರೋಗದ ಸ್ವರೂಪವೇ ತಿಳಿಯದಿದ್ದಾಗ, 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಆಸ್ಪತ್ರೆಗಳ ಮುಂದೆ ಪ್ರಾಣವಾಯುವಿಗಾಗಿ ಜನ ಅಂಗಲಾಚುತ್ತಿದ್ದಾಗ ಶಾಲೆ ಮುಚ್ಚಿದ್ದನ್ನು ತಪ್ಪೆಂದು ಹೇಳುವವನು ಮನುಷ್ಯನಲ್ಲ. ಆದರೆ ಚಾತುರ್ಮಾಸವು ಆಷಾಢದಲ್ಲಿ ಮೊದಲಾಗಿ ಕಾರ್ತಿಕದಲ್ಲಿ ಮುಗಿಯುತ್ತದೆ. ಅದರ ಕೊನೆ ಯಾವಾಗ ಎಂಬುದು ಅದು ಆರಂಭವಾಗುವ ದಿನವೇ ಗೊತ್ತಿರುತ್ತದೆ. ಜೊತೆಗೆ, ವಿಹಾರ ನಿಂತರೂ ಆ ನಾಲ್ಕು ತಿಂಗಳು ಸ್ವಾಧ್ಯಾಯವೂ ಪ್ರವಚನವೂ ಉಳಿದ ಕಾಲಕ್ಕಿಂತ ಹೆಚ್ಚಾಗಿ ನಡೆಯುತ್ತವೆ. ಚಿಕ್ಕ ಮಕ್ಕಳ ಶಾಲೆಗೆ ವಿಧಿಸಿದ ಚಾತುರ್ಮಾಸವು ಎರಡು ಮಳೆಗಾಲಗಳನ್ನು ನುಂಗಿತು. ಅದಕ್ಕೆ ಕೊನೆಯ ದಿನವಿರಲಿಲ್ಲ, ಸ್ವಾಧ್ಯಾಯವೂ ಇರಲಿಲ್ಲ.

ದೂರದರ್ಶನದ ಪಾಠ, ಮೊಬೈಲಿನ ಪಾಠ ಇರಲಿಲ್ಲವೇ? ಇತ್ತು, ಉಳ್ಳವರಿಗೆ. 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬಗಳ ನಡುವೆ, ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತು ಸಂಗಡಿಗರ ಮುಂದಾಳತ್ವದಲ್ಲಿ ನಡೆದ ಸಮೀಕ್ಷೆಯಲ್ಲಿ, ಹಳ್ಳಿಗಳ ಮಕ್ಕಳಲ್ಲಿ ಆನ್‌ಲೈನ್ ಮೂಲಕ ಕ್ರಮವಾಗಿ ಕಲಿಯುತ್ತಿದ್ದವರು ಶೇಕಡಾ 8 ಮಾತ್ರ. ಅದೇ ವರ್ಷದ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇಕಡಾ 92. ಗಣಿತದಲ್ಲಿ ಶೇಕಡಾ 82. ಹೊಸದನ್ನು ಕಲಿಯದಿದ್ದುದಲ್ಲ, ಕಲಿತುದನ್ನು ಮರೆತದ್ದು. ಇದೇ ವಿಶ್ವವಿದ್ಯಾಲಯದ ಹಿಂದಿನ ಸಮೀಕ್ಷೆಯಲ್ಲಿ ಸರ್ಕಾರಿ ಶಾಲೆಯ ಪೋಷಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ, ಆರೋಗ್ಯದ ಮುನ್ನೆಚ್ಚರಿಕೆ ವಹಿಸುವುದಾದರೆ ಮಕ್ಕಳನ್ನು ಶಾಲೆಗೆ ಕಳುಹಿಸಲು ಸಿದ್ಧವೆಂದಿದ್ದರು. ಅದು 2020ರ ಮಾತು. ಪೋಷಕರು ಹೆದರಿದ್ದರು, ಆದ್ದರಿಂದ ಶಾಲೆ ತೆರೆಯಲಿಲ್ಲ ಎಂಬ ಸಬೂಬು ಬಡವರ ಬಾಯಿಂದ ಬಂದದ್ದಲ್ಲ.

ಇನ್ನು ಅಭಯದ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕನಿಲ್ಲ. ಶಾಲೆ ಮುಚ್ಚಿದ್ದು ಮಕ್ಕಳಿಗೆ ಅಭಯ ನೀಡುವುದಕ್ಕೆ ಎನ್ನಲಾಯಿತು. ಹಾಗಾದರೆ ಆ ಅವಧಿಯಲ್ಲಿ ಮಗು ಎಲ್ಲಿತ್ತು? ಹೊಲದಲ್ಲಿತ್ತು, ಸಂತೆಯಲ್ಲಿತ್ತು, ತಾಯಿಯೊಡನೆ ಕೂಲಿಗೆ ಹೋಗುವ ಟ್ರಾಕ್ಟರಿನಲ್ಲಿ ಹತ್ತಾರು ಜನರ ನಡುವೆ ಕುಳಿತಿತ್ತು, ಮದುವೆಯ ಮನೆಯಲ್ಲಿತ್ತು. ಶಾಲೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯೂ ಇತ್ತು. ನಿಯಮವು ಕಾದದ್ದು ಶಾಲೆಯ ಕಟ್ಟಡವನ್ನು, ಮಗುವನ್ನಲ್ಲ. ಬಾಲ್ಯವಿವಾಹ, ಬಾಲದುಡಿಮೆಗಳು ಹೆಚ್ಚುತ್ತವೆಂದು ಯುನಿಸೆಫ್ ಮೊದಲಾದ ಸಂಸ್ಥೆಗಳು ಎಚ್ಚರಿಸುತ್ತಲೇ ಇದ್ದವು. ಇಂಥ ಅಭಯದ ಹೆಸರಿನಲ್ಲಿ ಶಾಸ್ತ್ರದಾನ ನಿಂತಿತು. ಬಿಸಿಯೂಟವೂ ನಿಂತು ಆಹಾರದಾನಕ್ಕೆ ಬೀಗ ಬಿತ್ತು. ಬದಲಿಗೆ ಕೊಡಬೇಕಾಗಿದ್ದ ಧಾನ್ಯ ಎಷ್ಟೋ ಕಡೆ ತಿಂಗಳುಗಟ್ಟಲೆ ತಡವಾಗಿ ತಲುಪಿತು. ತರಗತಿಗಳು ಆರಂಭವಾದ ಮೇಲೆಯೂ ಒಲೆ ಹೊತ್ತಲು 2021ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಒಂದು ದಾನವನ್ನು ತೋರಿಸಿ ಎರಡನ್ನು ಕಸಿದುಕೊಳ್ಳುವುದು ಯಾವ ಶ್ರಾವಕಾಚಾರ?

ನಿಯಮಗಳನ್ನು ಮಾಡಿದವರ ಒಂದು ಅನುಕೂಲವೆಂದರೆ ಅವುಗಳನ್ನು ನಡೆಸುವ ಖರ್ಚು ಅವರದಾಗಿರಲಿಲ್ಲ. ಸೋಂಕಿನ ಪ್ರಮಾಣ ಶೇಕಡಾ 2ಕ್ಕಿಂತ ಹೆಚ್ಚಿದ್ದ ಜಿಲ್ಲೆಗಳಲ್ಲಿ ತೆರೆಯಬಾರದೆಂಬ ನಿಯಮದಿಂದ ದಕ್ಷಿಣ ಕನ್ನಡ, ಉಡುಪಿ, ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಪ್ರೌಢಶಾಲೆಗಳು ಆಗಸ್ಟ್ 23ರಂದೂ ಮುಚ್ಚಿಯೇ ಇದ್ದವು. ಮೂಡಬಿದಿರೆ, ಕಾರ್ಕಳ, ಶ್ರವಣಬೆಳಗೊಳಗಳ ಮಕ್ಕಳು ಹುಬ್ಬಳ್ಳಿಯ ಮಕ್ಕಳಿಗಿಂತ ಹೆಚ್ಚು ಕಾದರು. ಪೇಟೆಯಲ್ಲಿ ಜ್ವರವೆದ್ದರೆ ಮೂವತ್ತು ಮೈಲಿ ದೂರದ ಘಟ್ಟದ ಹಳ್ಳಿಯ ಶಾಲೆಗೂ ಬೀಗ. ಪೋಷಕರೇ ಆರಿಸಿದ ಶಾಲಾಭಿವೃದ್ಧಿ ಸಮಿತಿಗಳು ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ಇದ್ದವು. ತಮ್ಮ ಊರಿನ ಸ್ಥಿತಿಯನ್ನು ತೂಗಿ ನೋಡುವ ಅಧಿಕಾರ ಅವಕ್ಕೆ ದೊರೆಯಲಿಲ್ಲ. ಮೇಲಿನಿಂದ ಬಂದುದನ್ನು ಪಾಲಿಸುವ ಕೆಲಸವಷ್ಟೇ ದೊರೆಯಿತು. ತೀರ್ಮಾನದಲ್ಲಿ ಪಾಲಿಲ್ಲದ ಪೋಷಕನಿಗೆ ಹೊಣೆಯಲ್ಲಿ ಮಾತ್ರ ಪೂರ್ಣ ಪಾಲು ಕೊಟ್ಟದ್ದು ಆ ಒಪ್ಪಿಗೆ ಪತ್ರ. ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ದ್ವಾರಗಳನ್ನು ಹೇಳುವ ಪರಂಪರೆಗೆ ಇದರ ಅರ್ಥವಾಗಬೇಕು: ಮಾಡಿದವರೂ ಮಾಡಿಸಿದವರೂ ಮರೆಯಲ್ಲಿ ನಿಂತು, ಅನುಮೋದಿಸಿದ ತಾಯಿಯೊಬ್ಬಳನ್ನು ಮುಂದಿಟ್ಟರು.

ಸರ್ಕಾರವನ್ನು ದೂರುವುದು ಸುಲಭ. ಅದಕ್ಕೆ ಧರ್ಮಪತ್ರಿಕೆಯ ಅಗತ್ಯವಿಲ್ಲ. ಅನುಮೋದನದ ಪ್ರಶ್ನೆ ಸಮಾಜದ ಬಾಗಿಲಿಗೂ ಬರುತ್ತದೆ. ಮೌನವೂ ಅನುಮೋದನವೇ.

2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 'ವಿದ್ಯಾಗಮ' ಎಂಬ ಯೋಜನೆ ನಡೆಯಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಅರಳಿಕಟ್ಟೆಯ ಮೇಲೆ, ಮನೆಯ ಜಗಲಿಯಲ್ಲಿ, ಗುಡಿಯ ಪ್ರಾಂಗಣದಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಸೋಂಕು ತಗುಲಿದ ಸುದ್ದಿಗಳು ಬಂದಾಗ ಅದನ್ನು ತಿದ್ದಿ ನಡೆಸುವ ಬದಲು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಬಯಲಿನ ಪಾಠಕ್ಕೆ ಬಸದಿಯ ಪ್ರಾಕಾರಕ್ಕಿಂತ ತಕ್ಕ ಸ್ಥಳ ಯಾವುದು? ಎಷ್ಟು ಟ್ರಸ್ಟುಗಳು ತಾವಾಗಿಯೇ ಮುಂದೆ ಬಂದು, 'ಗಾಳಿ ಬೆಳಕು ಇರುವ ಅಂಗಳವಿದೆ, ಇಲ್ಲಿ ಪಾಠ ಮಾಡಿರಿ' ಎಂದು ಊರಿನ ಶಿಕ್ಷಕರಿಗೆ ಹೇಳಿದವು? ಹೇಳಿದವರಿದ್ದರೆ ಅವರಿಗೆ ನಮಸ್ಕಾರ. ಹೇಳದವರ ಸಂಖ್ಯೆ ಎಷ್ಟೆಂಬುದನ್ನು ಆಯಾ ಟ್ರಸ್ಟಿನ ನಡವಳಿ ಪುಸ್ತಕವೇ ಹೇಳಬಲ್ಲುದು. ಅಭಿಷೇಕಕ್ಕೆ ಅನುಮತಿ ಯಾವಾಗ, ವಾರ್ಷಿಕ ರಥೋತ್ಸವಕ್ಕೆ ಎಷ್ಟು ಜನರಿಗೆ ಅವಕಾಶ ಎಂದು ಕೇಳಿ ಬರೆದ ಅರ್ಜಿಗಳು ಆ ಪುಸ್ತಕಗಳಲ್ಲಿ ಇರುತ್ತವೆ. ಊರಿನ ಪ್ರಾಥಮಿಕ ಶಾಲೆ ಯಾವಾಗ ಎಂದು ಕೇಳಿದ ಅರ್ಜಿಯನ್ನು ಹುಡುಕಿ ನೋಡಬೇಕು.

ಈ ಮೌನಕ್ಕೆ ಕಾರಣ ಗುಟ್ಟಿನದಲ್ಲ. 2011ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇಕಡಾ 94ನ್ನು ಮೀರಿ ದೇಶದಲ್ಲಿ ಎಲ್ಲರಿಗಿಂತ ಮುಂದಿತ್ತು. ಪ್ರತಿ ಸಮಾರಂಭದಲ್ಲಿಯೂ ಈ ಅಂಕಿಯನ್ನು ಹೇಳಿ ಚಪ್ಪಾಳೆ ಪಡೆಯುವುದುಂಟು. ಟ್ರಸ್ಟಿನ ಪದಾಧಿಕಾರಿಗಳ ಮನೆಯ ಮಕ್ಕಳು ಖಾಸಗಿ ಶಾಲೆಯವರು. ಅವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಗಣಕಯಂತ್ರ, ಬೇಕಾದರೆ ಮನೆಪಾಠ. ಸರ್ಕಾರಿ ಶಾಲೆಯ ಮಕ್ಕಳು ಬೇರೆಯವರ ಮಕ್ಕಳೆಂಬ ಭಾವನೆ. ಆದರೆ ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯ ಜೈನ ರೈತರ, ತುಳುನಾಡಿನ ಸಣ್ಣ ಹಿಡುವಳಿದಾರರ ಮಕ್ಕಳು ಎಲ್ಲಿ ಓದುತ್ತಾರೆಂಬುದನ್ನು ಬೆಂಗಳೂರಿನ ಸಭಾಭವನಗಳು ಮರೆತಂತಿದೆ. ಒಂದು ವೇಳೆ ಆ ಶಾಲೆಗಳಲ್ಲಿ ಒಬ್ಬ ಜೈನ ಬಾಲಕನೂ ಇಲ್ಲವೆಂದೇ ಇಟ್ಟುಕೊಂಡರೂ, ಜೀವದಯೆಗೆ ಜಾತಿಯ ಪಟ್ಟಿ ಬೇಕೆಂದು ಯಾವ ತೀರ್ಥಂಕರರು ಹೇಳಿದರು?

ಆ ಧ್ವನಿ ಕೊನೆಗೂ ಕೇಳಿಬಂದದ್ದು 2021ರ ಡಿಸೆಂಬರ್‌ನಲ್ಲಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡಲು ಸರ್ಕಾರ ಮುಂದಾದಾಗ ಲಿಂಗಾಯತ ಮಠಾಧೀಶರೊಡನೆ ಜೈನ ಸಂಘಟನೆಗಳೂ ವಿರೋಧಿಸಿದವು. ಜೈನರು ಮೊಟ್ಟೆಯನ್ನು ವಿರೋಧಿಸುವುದು ಸಹಜ, ಅದರಲ್ಲಿ ದೋಷ ಹುಡುಕುವುದು ಇಲ್ಲಿನ ಉದ್ದೇಶವಲ್ಲ. ಆದರೆ ಅದೇ ತಟ್ಟೆ ಹತ್ತೊಂಬತ್ತು ತಿಂಗಳು ಬರಿದಾಗಿದ್ದಾಗ ಏಳದ ಧ್ವನಿ, ಅದರಲ್ಲಿ ಬೇಡವಾದುದು ಬಿದ್ದ ಕೂಡಲೇ ಎದ್ದಿತು. ತಟ್ಟೆಯಲ್ಲಿ ಏನಿರಬಾರದೆಂದು ಹೇಳುವವನಿಗೆ ಏನಿರಬೇಕೆಂದು ಹೇಳುವ, ಅದನ್ನು ಒದಗಿಸುವ ಹೊಣೆಯೂ ಇದೆ. ಹಾಲು, ಬೇಳೆ, ಶೇಂಗಾ, ಹಣ್ಣು ಈ ಸಮಾಜದ ಶಕ್ತಿಗೆ ಮೀರಿದ ವಸ್ತುಗಳಲ್ಲ.

ಸತ್ತವರ ಮನೆಯವರನ್ನು ಕೇಳಿ ಮಾತನಾಡಿರಿ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಅದು ನ್ಯಾಯವಾದ ಆಕ್ಷೇಪ. ಎರಡನೆಯ ಅಲೆಯಲ್ಲಿ ಸರ್ಕಾರಿ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಪ್ರಾಣ ತೆತ್ತರು. ಆದರೆ ಆಗ ಚಿಕ್ಕ ಮಕ್ಕಳ ಶಾಲೆಗಳು ಮುಚ್ಚಿದ್ದವು. 2021ರ ಏಪ್ರಿಲ್ 17ರಂದು, ಅಲೆ ಏರುತ್ತಿದ್ದಾಗಲೇ, ಬೆಳಗಾವಿ ಲೋಕಸಭಾ ಕ್ಷೇತ್ರದ ಉಪಚುನಾವಣೆ ನಡೆಯಿತು. ಅಂಥ ಮತಗಟ್ಟೆಗಳಲ್ಲಿ ಕುಳಿತುಕೊಳ್ಳುವವರು ಯಾರೆಂಬುದು ಎಲ್ಲರಿಗೂ ತಿಳಿದದ್ದೇ. ಹಾಗಾದರೆ ಪಾಠಕ್ಕೆ ಅಪಾಯಕಾರಿಯಾದ ಕೊಠಡಿಯು ಮತದಾನಕ್ಕೆ ಸುರಕ್ಷಿತವಾದದ್ದು ಹೇಗೆ? ಮೃತರ ಹೆಸರು ಹೇಳಿ ಮಕ್ಕಳ ಬಾಗಿಲು ಮುಚ್ಚಿದವರು ಈ ಪ್ರಶ್ನೆಗೆ ಮೊದಲು ಉತ್ತರಿಸಬೇಕು. ಸಮ್ಯಗ್ದೃಷ್ಟಿಯುಳ್ಳವನು ಸಪ್ತಭಯಗಳಿಂದ ಮುಕ್ತನೆಂದು ಹೇಳುವುದು ಅವನು ಎಚ್ಚರಗೇಡಿಯೆಂಬ ಅರ್ಥದಲ್ಲಲ್ಲ. ಭಯವಿಲ್ಲದವನೇ ಅಪಾಯವನ್ನು ಅದರ ನಿಜವಾದ ಅಳತೆಯಲ್ಲಿ ಕಾಣಬಲ್ಲ.

ಸರ್ಕಾರವು 2022–23ನೆಯ ಸಾಲನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ಕರೆದು, ಒಂದರಿಂದ ಒಂಬತ್ತನೆಯ ತರಗತಿಯವರಿಗೆ ಹಿಂದಿನ ಪಾಠಗಳನ್ನು ತುಂಬಿಕೊಡುವ ಪ್ರಯತ್ನ ಮಾಡಿತು. ಹಾನಿ ಆದದ್ದನ್ನು ಒಪ್ಪಿಕೊಂಡಂತಾಯಿತು. ಒಪ್ಪಿಗೆ ಪತ್ರವೆಂದು ಕರೆಯಬೇಕಾದುದು ಇದನ್ನೇ. ಆದರೆ ಒಂದು ವರ್ಷದ ಅಭ್ಯಾಸ ಹಾಳೆಗಳಿಂದ ತುಂಬಿ ಬರುವ ಕೊರತೆ ಇದಲ್ಲ. ದೇಶದ ಗ್ರಾಮೀಣ ಭಾಗದ ಅಸರ್ ಸಮೀಕ್ಷೆಯಂತೆ, ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡಾ 27ರಷ್ಟಿದ್ದರು. 2022ರಲ್ಲಿ ಅದು 20ರ ಆಸುಪಾಸಿಗೆ ಇಳಿದಿತ್ತು. ಆ ಮೂರನೆಯ ತರಗತಿಯವರು ಈಗ ದೊಡ್ಡ ತರಗತಿಗಳಲ್ಲಿ ವಿಜ್ಞಾನ, ಸಮಾಜಗಳನ್ನು ಓದಬೇಕಾಗಿದೆ, ಓದಲು ಬಾರದೆಯೇ.

ಆದ್ದರಿಂದ ಟ್ರಸ್ಟುಗಳ ಮುಂದಿನ ವಾರ್ಷಿಕ ಸಭೆಯಲ್ಲಿ, ಲೆಕ್ಕಪತ್ರ ಮಂಡನೆಯಾಗಿ ಹೊಸ ಮಹಾದ್ವಾರದ ಅಂದಾಜು ಚರ್ಚೆಗೆ ಬರುವ ಮೊದಲು, ಎರಡು ಸಂಗತಿಗಳನ್ನು ಕಾರ್ಯಸೂಚಿಯಲ್ಲಿ ಸೇರಿಸುವುದು ಅಗತ್ಯ. ಸಭಾಭವನವು ಮದುವೆಯಿಲ್ಲದ ಸಂಜೆಗಳಲ್ಲಿ ಖಾಲಿಯೇ ಇರುತ್ತದೆ. ಅಲ್ಲಿ ಊರಿನ ಸರ್ಕಾರಿ ಶಾಲೆಯ ಮಕ್ಕಳಿಗೆ, ಯಾವ ಜಾತಿಯವರೆಂದು ಕೇಳದೆ, ದಿನಕ್ಕೆ ಒಂದು ಗಂಟೆ ಓದಿಸುವುದಕ್ಕೆ ಇಬ್ಬರು ನಿವೃತ್ತ ಶಿಕ್ಷಕರು ಸಾಕು, ಮಕ್ಕಳಿಗೆ ಒಂದು ಲೋಟ ಹಾಲಿಗೆ ಶಾಶ್ವತ ಪೂಜಾನಿಧಿಯ ಬಡ್ಡಿಯಲ್ಲಿ ಒಂದು ಪಾಲು ಸಾಕು. ಎರಡನೆಯದು, ಮುಂದೆ ಇಂಥ ರೋಗ ಬಂದು ಶಾಲೆಗಳು ಮುಚ್ಚಿದಲ್ಲಿ ಬಸದಿಯ ಪ್ರಾಕಾರವನ್ನು ಪಾಠಕ್ಕೆ ಬಿಟ್ಟುಕೊಡಲಾಗುವುದೆಂಬ ನಿರ್ಣಯ. ಅದನ್ನು ಈಗಲೇ ಬರೆದು, ಊರಿನ ಶಾಲಾಭಿವೃದ್ಧಿ ಸಮಿತಿಗೆ ಒಂದು ಪ್ರತಿಯನ್ನು ಕಳುಹಿಸಿ, ಅದರ ಕೆಳಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ರುಜು ಹಾಕಲಿ.